ಮೂರನೆಯ ಮರಿಯ ಮೇಲಿನ ಅನುಮಾನ

ಕಡೂರಿನಿಂದ ಅಜ್ಜಂಪುರಕ್ಕೆ ಮೂರು ಕೋಳಿಮರಿಗಳನ್ನು ಬಸ್ಸಿನಲ್ಲಿ ತರುವಾಗ ಏನೇನು ಕೆಡಬಹುದು ಎಂಬುದನ್ನು ಬೀರೂರು ದಾಟುವುದರೊಳಗೆ ನಾನು ಪೂರ್ತಿ ಯೋಚಿಸಿ ಮುಗಿಸಿದ್ದೆ. ರಟ್ಟಿನ ಪೆಟ್ಟಿಗೆಯ ತಳ ನೆನೆದು ಕಳಚಿಕೊಂಡು ಮರಿಗಳು ಸೀಟಿನಡಿ ಚೆಲ್ಲಾಪಿಲ್ಲಿಯಾಗಬಹುದಿತ್ತು. ತೂತು ಸಾಲದೆ ಉಸಿರು ಕಟ್ಟಬಹುದಿತ್ತು, ತೂತು ಹೆಚ್ಚಾಗಿ ಥಂಡಿಯಾಗಬಹುದಿತ್ತು. ಕಂಡಕ್ಟರು ಇಳಿಯಿರಿ ಎನ್ನಬಹುದಿತ್ತು. ಮರಿಗಳಿಗೆ ಮೊದಲೇ ಏನಾದರೂ ರೋಗವಿದ್ದು ಅದು ಅಕ್ಕನಿಗೆ ತಗಲಬಹುದಿತ್ತು. ಅವಳಿಗೆ ಆಗ ನೆಗಡಿಯನ್ನು ತಡೆಯುವ ಶಕ್ತಿಯೂ ಇರಲಿಲ್ಲ. ಹಿತ್ತಲಿನ ಬೆಕ್ಕು ಇತ್ತು. ಮುಂಗುಸಿ ಇತ್ತು. ಅಕ್ಕನಿಗೆ ಮರಿಗಳು ಇಷ್ಟವಾಗದೇ ಹೋಗಬಹುದಿತ್ತು. ಇಷ್ಟವಾಗಿ, ಆಮೇಲೆ ಒಂದು ಮರಿ ಸತ್ತು, ಅವಳು ಅದನ್ನು ತನ್ನ ಬಗ್ಗೆಯೇ ಶಕುನ ಎಂದುಕೊಳ್ಳಬಹುದಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಮೂರರಲ್ಲಿ ಒಂದು ಹುಂಜವಾಗಿಬಿಡಬಹುದಿತ್ತು.

ಈ ಕೊನೆಯದನ್ನು ಸ್ವಲ್ಪ ವಿವರಿಸಬೇಕು.

ಅಕ್ಕನಿಗೆ ಆ ವರ್ಷ ಶಿವಮೊಗ್ಗದಲ್ಲಿ ಕ್ಯಾನ್ಸರಿನ ಚಿಕಿತ್ಸೆ ನಡೆಯುತ್ತಿತ್ತು. ಮೂರು ವಾರಕ್ಕೊಮ್ಮೆ ಹೋಗಿ, ಒಂದು ಹಗಲು ಮಲಗಿ ಬಾಟಲಿಯ ಔಷಧಿ ಏರಿಸಿಕೊಂಡು ಬರುತ್ತಿದ್ದಳು. ಮನೆಯಲ್ಲಿ ಇದ್ದವರು ನಾವಿಬ್ಬರೇ. ಭಾವ ತೀರಿಕೊಂಡು ಬಹಳ ವರ್ಷವಾಗಿತ್ತು. ನಾನು ಮದುವೆಯಾಗಿರಲಿಲ್ಲ, ಮದುವೆಯಾದರೆ ಏನಾಗಬಹುದು ಎಂದು ಯೋಚಿಸುತ್ತಿರುವಾಗಲೇ ಐವತ್ತು ದಾಟಿತ್ತು. ತರೀಕೆರೆಯ ಒಂದು ಕಾಲೇಜಿನ ಕಚೇರಿಯಲ್ಲಿ ನನಗೆ ಕೆಲಸ. ದಿನಾ ಬಸ್ಸಿನಲ್ಲಿ ಹೋಗಿ ಬರುವುದು, ಮಧ್ಯೆ ನಾಲ್ಕು ಸಲ ಫೋನ್ ಮಾಡುವುದು. ನಾಲ್ಕನೆಯ ಸಲಕ್ಕೆ ಅಕ್ಕ, "ಇನ್ನೂ ಬದುಕಿದೀನಿ, ಫೋನ್ ಇಡು" ಎನ್ನುತ್ತಿದ್ದಳು.

ಔಷಧಿಯಿಂದ ಅವಳ ಬೆರಳ ತುದಿಗಳು ಜೋಮು ಹಿಡಿದಂತಾಗಿದ್ದವು. ಗುಂಡಿ ಹಾಕಲು ಆಗುತ್ತಿರಲಿಲ್ಲ, ಅಕ್ಕಿಯಲ್ಲಿ ಕಲ್ಲು ಸಿಕ್ಕರೆ ತಿಳಿಯುತ್ತಿರಲಿಲ್ಲ. ಯಾರೋ ಫೋನಿಗೆ ಕಳಿಸಿದ್ದ ವಿಡಿಯೋದಲ್ಲಿ ಹತ್ತಿಯುಂಡೆಯಂಥ ಬಿಳಿ ಕೋಳಿಗಳನ್ನು ನೋಡಿದ ಅಕ್ಕ, ಇವನ್ನು ಮುಟ್ಟಿದರೆ ಗೊತ್ತಾಗಬಹುದೇನೋ ಅಂದಳು. ಅದಕ್ಕಿಂತ ದೊಡ್ಡ ಆಸೆಯನ್ನು ಅವಳು ಆ ವರ್ಷ ಹೇಳಲಿಲ್ಲ. ಡಾಕ್ಟರು ಕೈ ಚೆನ್ನಾಗಿ ತೊಳೆಯುವುದಾದರೆ ಸರಿ ಅಂದರು. ನಾನು ಮೂರು ಸಲ ಕೇಳಿದ್ದಕ್ಕೆ ಮೂರು ಸಲವೂ ಅದನ್ನೇ ಅಂದರು. ಅಕ್ಕನದು ಒಂದೇ ಷರತ್ತು.

"ಹುಂಜ ಬ್ಯಾಡ ಕಣೋ. ಬೆಳಗಿನ ಜಾವಕ್ಕೆ ಒಂದಿಷ್ಟು ನಿದ್ದೆ ಹತ್ತತ್ತೆ. ಇರೋದು ಅದೊಂದೇ."

ಅದು ನಿಜ. ಐದರಿಂದ ಏಳರವರೆಗೆ ಅವಳು ಮಲಗುತ್ತಿದ್ದಳು, ಉಳಿದಂತೆ ಕಣ್ಣು ಬಿಟ್ಟುಕೊಂಡು ಬಿದ್ದಿರುತ್ತಿದ್ದಳು. ಆ ಎರಡು ತಾಸಿನಲ್ಲಿ ನಾನು ಮಿಕ್ಸಿ ಹಾಕುತ್ತಿರಲಿಲ್ಲ, ನಲ್ಲಿ ಬಿಡುತ್ತಿರಲಿಲ್ಲ, ಕೆಮ್ಮು ಬಂದರೆ ಬೀದಿಗೆ ಹೋಗಿ ಕೆಮ್ಮುತ್ತಿದ್ದೆ. ಬರೀ ಹ್ಯಾಟೆಗಳನ್ನೇ ತರುತ್ತೇನೆ, ಹುಂಜ ಈ ಹೊಸಿಲು ದಾಟುವುದಿಲ್ಲ ಎಂದು ಮಾತು ಕೊಟ್ಟೆ.

ಕಡೂರಿನಲ್ಲಿ ಫ್ಯಾನ್ಸಿ ಕೋಳಿ ಸಾಕುವವನಿಗೆ ಹೊಟ್ಟೆಪಾಡು ಮೊಬೈಲ್ ರಿಪೇರಿ. ಕೋಳಿಗಳು ಅವನ ತಾರಸಿಯ ಮೇಲೆ, ಬಲೆ ಕಟ್ಟಿದ ಗೂಡುಗಳಲ್ಲಿದ್ದವು. ಕಾಲಿಗೆಲ್ಲ ಪುಕ್ಕವಿರುವ ದೊಡ್ಡ ಜಾತಿ, ಮುಷ್ಟಿಯಷ್ಟಿರುವ ಗಿಡ್ಡ ಜಾತಿ, ಮತ್ತೆ ಈ ಸಿಲ್ಕಿ: ಚರ್ಮ ಕಪ್ಪು, ಪುಕ್ಕ ಬಿಳಿ ಉಣ್ಣೆ, ಕಾಲಿಗೆ ಐದು ಬೆರಳು. ಎರಡು ವಾರದ ಮರಿಗಳನ್ನು ತೋರಿಸಿದ. ಹೆಣ್ಣು ಮರಿಗಳನ್ನೇ ಆರಿಸಿ ಕೊಡಿ ಅಂದೆ. ಅವನು ನಕ್ಕ. ಕೆಲವು ಜಾತಿಯಲ್ಲಿ ಹುಟ್ಟಿದ ದಿನವೇ ರೆಕ್ಕೆ ಅಗಲಿಸಿ ಗರಿಯ ಉದ್ದ ನೋಡಿದರೆ ತಿಳಿಯುತ್ತದೆ, ಕೆಲವದರಲ್ಲಿ ಬಣ್ಣ ನೋಡಿದರೆ ಸಾಕು, ಸಿಲ್ಕಿಯಲ್ಲಿ ಅದ್ಯಾವುದೂ ನಡೆಯುವುದಿಲ್ಲ ಎಂದು ಹೇಳಿದ.

"ಸಾರ್, ಸಿಲ್ಕಿ ಮರಿ ಕೈಯಲ್ಲಿ ಹಿಡ್ಕಂಡು ಇದು ಹೆಣ್ಣೇ ಅಂತ ಗ್ಯಾರಂಟಿ ಕೊಡೋನು ಯಾರಾದ್ರೂ ಇದ್ರೆ ನಂಗೂ ಅಡ್ರೆಸ್ ಕೊಡಿ. ಒಂದೋ ಅದು ಕೂಗ್ಬೇಕು, ಇಲ್ಲಾ ಮೊಟ್ಟೆ ಇಡ್ಬೇಕು. ಅಲ್ಲೀಗಂಟ ಸುಮ್ಕಿರ್ಬೇಕು."

ಸುಮ್ಮನಿರುವುದೊಂದನ್ನು ಬಿಟ್ಟು ನನಗೆ ಬೇರೆ ಎಲ್ಲವೂ ಬರುತ್ತದೆ. ಹುಂಜವೆಂದು ಗೊತ್ತಾದರೆ ವಾಪಸ್ಸು ತೆಗೆದುಕೊಳ್ಳುತ್ತೀರಾ ಎಂದು ಕೇಳಿದೆ. ತಾರಸಿಯಲ್ಲಿ ಜಾಗವಿದೆ, ತನ್ನಿ ಅಂದ. ಹಾಗೆ ಮೂರು ಮರಿ ಬಂದವು.

ಅಕ್ಕ ಬುಕ್ಕಾಂಬುಧಿ ಕಡೆಯ ಹಳ್ಳಿಗಳಲ್ಲಿ, ಕೊನೆಗೆ ಸ್ವಲ್ಪ ಕಾಲ ಲಕ್ಕವಳ್ಳಿಯಲ್ಲಿ, ನರ್ಸ್ ಆಗಿದ್ದವಳು. ಮೂವತ್ತು ವರ್ಷ ಬಸುರಿಯರ ಹೊಟ್ಟೆಯ ಮೇಲೆ ಮರದ ಕೊಳವೆ ಇಟ್ಟು ಕಿವಿಗೊಟ್ಟು ಕೂತವಳು. ನಿವೃತ್ತಿಯಾದ ಮೇಲೂ ಹೆಂಗಸರು ಅವಳಿಗೆ ಫೋನ್ ಮಾಡುತ್ತಿದ್ದರು. ಸಿಸ್ಟರಮ್ಮ, ಮಗು ಬೆಳಗಿಂದ ಹೊರಳಿಲ್ಲ. ಸಿಸ್ಟರಮ್ಮ, ಕಾಲು ಊದಿದೆ. ಖಾಯಿಲೆ ಬಿದ್ದ ಮೇಲೂ ಆ ಫೋನುಗಳನ್ನು ಅವಳು ಬಿಟ್ಟಿರಲಿಲ್ಲ. ಔಷಧಿ ಏರಿಸಿಕೊಳ್ಳುತ್ತಲೇ ಎಡಗೈಯಲ್ಲಿ ಫೋನ್ ಹಿಡಿದು ಮಾತಾಡಿದ್ದನ್ನು ನಾನು ಕಂಡಿದ್ದೇನೆ. ಅವಳ ದನಿ ಆಗ ಖಾಯಿಲೆಯವರ ದನಿಯಾಗಿರುತ್ತಿರಲಿಲ್ಲ.

ನಾನು ಮರಿಗಳನ್ನು ತಿರುಗಿಸಿ ಮುರುಗಿಸಿ ನೋಡುವುದನ್ನು ಕಂಡು ಅವಳಿಗೆ ನಗು. ಮೂವತ್ತು ವರ್ಷ ಎಲ್ಲರೂ ತನ್ನನ್ನು ಇದನ್ನೇ ಕೇಳಿದರು, ಈಗ ಮನೆಯೊಳಗೂ ಅದೇ ಆಯಿತಲ್ಲ ಎಂದಳು. "ಗಂಡೋ ಹೆಣ್ಣೋ ನಂಗೆ ಬೇಕಿರ್ಲಿಲ್ಲ. ಎದೆ ಹೊಡ್ಕಳೋದು ಕೇಳುಸ್ತಾ, ಅಷ್ಟೇ."

ನಾನು ಮಾತ್ರ ಬಿಡಲಿಲ್ಲ. ಸಾಮಾನ್ಯ ನಾಟಿಕೋಳಿಯ ಮನೆಗಳಲ್ಲಿ ಮರಿ ಹುಂಜವೆಂದು ಗೊತ್ತಾದ ದಿನ ಅದರ ಆಯುಸ್ಸನ್ನೂ ಬರೆದಂತೆಯೇ. ಯುಗಾದಿಯ ಮರುದಿನ ವರ್ಷತೊಡಕಿಗೆ ಅದು ಸಾರು. ಹ್ಯಾಟೆಯಾದರೆ ನಾಲ್ಕಾರು ವರ್ಷ ಮನೆಯ ಜನ. ಅಪ್ಪನ ಕಾಲದಿಂದ ನಮ್ಮ ನಡುಮನೆಯಲ್ಲಿ ಬುದ್ಧನ ಪಟವಿದೆ. ಅದರ ಕೆಳಗೇ ಕೂತು ವರ್ಷತೊಡಕಿನ ಊಟ ಮಾಡುವುದಕ್ಕೆ ನಮಗೆ ಯಾವತ್ತೂ ಸಂಕೋಚವಾಗಿಲ್ಲ. ನಮ್ಮ ಬೀದಿಯಲ್ಲಿ ಎಲ್ಲರೂ ಹಾಗೆಯೇ, ಆದ್ದರಿಂದ ಈ ವಿಷಯದಲ್ಲಿ ತಿಳಿದವರು ಕಡಿಮೆಯಿರಲಿಲ್ಲ. ಕತ್ತಿನ ಚರ್ಮ ಹಿಡಿದು ಎತ್ತಿದಾಗ ಕಾಲು ಮಡಚಿದರೆ ಹ್ಯಾಟೆ, ಜೋತು ಬಿಟ್ಟರೆ ಹುಂಜ ಎಂದು ಒಬ್ಬರು. ಮರಿಯ ತಲೆಯ ಮೇಲೆ ದಾರಕ್ಕೆ ಉಂಗುರ ಕಟ್ಟಿ ತೂಗಿದಾಗ ಅದು ದುಂಡಗೆ ಸುತ್ತಿದರೆ ಹ್ಯಾಟೆ ಎಂದು ಇನ್ನೊಬ್ಬರು. ನಾನು ಎರಡನ್ನೂ ಮಾಡಿದೆ. ಮೊದಲನೆಯ ಮರಿ ಒಂದು ಕಾಲು ಮಡಚಿ ಒಂದು ಕಾಲು ಬಿಟ್ಟಿತು. ಉಂಗುರ ನನ್ನ ಕೈ ನಡುಗಿದ ಕಡೆಗೆಲ್ಲ ತಿರುಗಿತು.

ದಸರಾ ಹೊತ್ತಿಗೆ ಮರಿಗಳಿಗೆ ಮೂರು ತಿಂಗಳಾಯಿತು. ಎರಡರ ತಲೆಯ ಪುಕ್ಕ ದುಂಡಗೆ ಚೆಂಡಿನಂತೆ ಬಂತು. ಅದು ಹ್ಯಾಟೆಯ ಗುರುತು ಎಂದು ಕಡೂರಿನವನು ಫೋಟೋ ನೋಡಿ ಹೇಳಿದ. ಮೂರನೆಯದರ ಪುಕ್ಕ ಹಿಂದಕ್ಕೆ ಬಾಚಿದಂತೆ ಇತ್ತು. ಅದು ಎದೆ ಉಬ್ಬಿಸಿ ನೆಟ್ಟಗೆ ನಿಲ್ಲುತ್ತಿತ್ತು. ಕೊಕ್ಕಿನ ಮೇಲಿನ ಮಾಂಸದ ಗಂಟು ಉಳಿದೆರಡಕ್ಕಿಂತ ಒಂದು ಸಾಸಿವೆಯಷ್ಟು ದೊಡ್ಡದು ಎಂದು ನನಗೆ ಅನ್ನಿಸುತ್ತಿತ್ತು. ಇನ್ನೂ ಒಂದೆರಡು ತಿಂಗಳು ನೋಡಿ ಸಾರ್ ಎಂದು ಅವನು ಬರೆದ.

ಕಷ್ಟವೆಂದರೆ, ಅಕ್ಕನ ತೊಡೆಗೆ ಬಂದು ಕೂರುತ್ತಿದ್ದದ್ದು ಆ ಮೂರನೆಯದೇ. ಮಧ್ಯಾಹ್ನ ಅವಳು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತರೆ ಅದು ಹಿತ್ತಲಿನಿಂದ ಒಳಗೆ ಬಂದು ಕಾಲ ಬಳಿ ನಿಲ್ಲುತ್ತಿತ್ತು, ಎತ್ತಿಕೊಳ್ಳುವವರೆಗೆ ನಿಲ್ಲುತ್ತಿತ್ತು. ಅಕ್ಕ ಅದರ ಬೆನ್ನಿನ ಮೇಲೆ ಕೈಯಿಟ್ಟು ಬೆಚ್ಚಗಿರುವುದು ತಿಳಿಯುತ್ತದೆ, ಮೆತ್ತಗಿರುವುದು ತಿಳಿಯುವುದಿಲ್ಲ ಅನ್ನುತ್ತಿದ್ದಳು. ನಾನು ಅನುಮಾನ ಹೇಳಿದರೆ, "ಇದು ಹ್ಯಾಟೆ ಕಣೋ, ನೋಡು ಹೆಂಗ್ ಕೂತದೆ" ಎಂದು ನನ್ನನ್ನೇ ಗದರುತ್ತಿದ್ದಳು.

ನಾಲ್ಕು ಗಂಟೆಗೇ ಎದ್ದು ಕೋಳಿಗಳನ್ನು ಮುಚ್ಚಿಡುವ ಮಂಕರಿಯ ಪಕ್ಕ ಕೂರುವುದು ನನಗೆ ರೂಢಿಯಾಯಿತು. ಕೂಗಿದ ತಕ್ಷಣ ಬಾಯಿ ಮುಚ್ಚಬೇಕೆಂದು ನನ್ನ ಯೋಜನೆ. ಕೋಳಿಯ ಬಾಯಿಯನ್ನು ಹೇಗೆ ಮುಚ್ಚುವುದೆಂದು ಯೋಚಿಸಿರಲಿಲ್ಲ. ಅದು ಕೂಗಲಿಲ್ಲ. ಇವತ್ತು ಕೂಗಲಿಲ್ಲವೆಂದರೆ ನಾಳೆ ಕೂಗುತ್ತದೆ ಎಂದು ಹೆದರಿಕೆ ದಿನದಿಂದ ದಿನಕ್ಕೆ ಜಾಸ್ತಿಯಾಯಿತೇ ಹೊರತು ಕಡಿಮೆಯಾಗಲಿಲ್ಲ. ದಸರಾ ಕಳೆದ ಮೇಲೆ ಒಮ್ಮೆ ಔಷಧಿ ಏರಿಸಿಕೊಂಡು ಬಂದ ವಾರ ಅಕ್ಕ ತೀರಾ ಸೋತಿದ್ದಳು. ಅವಳ ಆ ಎರಡು ತಾಸೂ ಹೋದರೆ ಏನು ಗತಿ ಎಂದು, ಒಂದು ಭಾನುವಾರ ಅವಳು ಊಟದ ಮೇಲೆ ಒರಗಿದ್ದಾಗ, ಮೂರನೆಯದನ್ನು ಪೆಟ್ಟಿಗೆಗೆ ಹಾಕಿಕೊಂಡು ಕಡೂರಿಗೆ ಹೋಗಿ ಕೊಟ್ಟು ಬಂದೆ.

ಸಂಜೆ ಅವಳು ಮೂರನೆಯದೆಲ್ಲಿ ಎಂದು ಕೇಳಿದಳು. ಅನುಮಾನಕ್ಕೆ ಕೊಟ್ಟು ಬಂದೆ ಎನ್ನಲು ನನಗೆ ನಾಚಿಕೆಯಾಯಿತು. ನಾಲ್ಕು ಸಲ ಫೋನ್ ಮಾಡುವ ತಮ್ಮ, ಬೀದಿಗೆ ಹೋಗಿ ಕೆಮ್ಮುವ ತಮ್ಮ, ಈಗ ಬರೀ ಭಯಕ್ಕೆ ಅವಳ ತೊಡೆಯ ಮೇಲಿದ್ದದ್ದನ್ನು ಎತ್ತಿಕೊಂಡು ಹೋದ ಎಂದಾಗಬಾರದಿತ್ತು.

"ಕೂಗ್ತು ಕಣಕ್ಕ" ಅಂದೆ.

"ಯಾವಾಗ?"

"ಇವತ್ತು ಬೆಳಿಗ್ಗೆ. ಎರಡು ಸಲ."

"ನಾನು ಮಲ್ಗಿದ್ನಾ?"

ಸುಳ್ಳು ಹೇಳಿ ಅಭ್ಯಾಸವಿಲ್ಲದವನು ಅದಕ್ಕೆ ವಿವರ ಸೇರಿಸುತ್ತಾನೆ. ಮಲಗಿದ್ದಾಗ ಕೂಗಿತು ಅಂದರೆ ನಿದ್ದೆ ಕೆಟ್ಟಿತೇ ಎಂಬ ಪ್ರಶ್ನೆ ಬರುತ್ತದೆ, ಅವಳು ಅದಕ್ಕೂ ಕೊರಗಬಹುದು ಎಂದು ನಾನು ಎಲ್ಲ ಲೆಕ್ಕ ಹಾಕಿದೆ.

"ಇಲ್ಲ, ನೀನು ಎದ್ದಿದ್ದೆ. ಕಾಫಿ ಕುಡೀತಾ ಕೂತಿದ್ಯಲ್ಲ, ಆಗ. ನಿನ್ ಕಿಟಕಿ ಕೆಳಗೇ."

ಅಕ್ಕ ನನ್ನ ಮುಖ ನೋಡಿದಳು. ಬಯ್ಯುತ್ತಾಳೆ ಅಂದುಕೊಂಡಿದ್ದೆ. ಅವಳು ಕಿಟಕಿಯ ಕಡೆ ತಿರುಗಿ, ಆಗಲಿ ಬಿಡು, ಹುಂಜ ಅಂದ ಮೇಲೆ ಇನ್ನೇನು ಮಾಡೋದು ಎಂದಷ್ಟೇ ಹೇಳಿದಳು. ನಾನು ಪಾರಾದೆ ಎಂದುಕೊಂಡು ಅವತ್ತು ನೆಮ್ಮದಿಯಾಗಿ ಉಂಡೆ.

ಆಮೇಲಿನ ದಿನಗಳಲ್ಲಿ ಅಕ್ಕ ಫೋನ್ ಎತ್ತುವುದನ್ನು ನಿಲ್ಲಿಸಿದಳು. ಮೊದಲು ನನಗೆ ಕೊಟ್ಟು, ಏನು ಬೇಕಂತೆ ಕೇಳು ಅನ್ನುತ್ತಿದ್ದಳು. ಆಮೇಲೆ ಅದನ್ನೂ ಬಿಟ್ಟು, ತಾಲ್ಲೂಕು ಆಸ್ಪತ್ರೆಗೆ ಹೋಗಲು ಹೇಳು ಅಂದಳು. ನಾನು ಮಾತಾಡುವಾಗ ಬಾಯಿಯನ್ನೇ ನೋಡುತ್ತಿದ್ದಳು. ಅಡುಗೆಮನೆಯಿಂದ ಏನಾದರೂ ಹೇಳಿದರೆ, ಎದುರು ಬಂದು ಹೇಳು, ಸ್ವಲ್ಪ ಗಟ್ಟಿಯಾಗಿ ಹೇಳು ಅನ್ನುವಳು. ನನಗೆ ಹೊಳೆಯದ ಕಾರಣಗಳಿಲ್ಲ: ರಕ್ತ ಕಡಿಮೆಯಾಗಿದೆ, ಮನಸ್ಸು ಮಂಕಾಗಿದೆ, ಖಾಯಿಲೆ ತಲೆಗೇರಿದೆ. ಒಂದೊಂದಕ್ಕೂ ಡಾಕ್ಟರನ್ನು ಕೇಳಿದೆ. ನಿಜವಾದ ಕಾರಣವೊಂದನ್ನು ಬಿಟ್ಟು ಬೇರೆಲ್ಲದಕ್ಕೂ ಅವರು ಉತ್ತರ ಕೊಟ್ಟರು.

ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ ಅವಳ ಮಗ್ಗುಲಲ್ಲೇ ಫೋನ್ ಬಡಿದುಕೊಳ್ಳುತ್ತಿತ್ತು. ಬುಕ್ಕಾಂಬುಧಿಯ ಒಬ್ಬಳು ಹುಡುಗಿ, ಅವಳು ಹುಟ್ಟುವಾಗ ಹೆರಿಗೆ ಮಾಡಿಸಿದ್ದು ಅಕ್ಕನೇ, ಈಗ ಅವಳೇ ಬಸುರಿ. ಅಕ್ಕ ಹೆಸರು ನೋಡಿ ಫೋನನ್ನು ಬೋರಲು ಹಾಕಿದಳು. ಯಾಕೆ ಹೀಗೆ ಮಾಡುತ್ತೀ ಎಂದು ನಾನು ಸ್ವಲ್ಪ ರೇಗಿದೆ.

"ಕೇಳ್ಸಲ್ಲ ಕಣೋ" ಅಂದಳು. "ಡಾಕ್ಟ್ರು ಮೊದ್ಲೇ ಹೇಳಿದ್ರು, ಈ ಔಷ್ದಿಗೆ ಕಿವಿ ಹೋಗತ್ತೆ, ಮೊದ್ಲು ಸಣ್ಣ ಸ್ವರ, ಹಕ್ಕಿ ಸ್ವರ ಹೋಗತ್ತೆ ಅಂತ. ಕಿಟಕಿ ಕೆಳಗೆ ಹುಂಜ ಎರಡ್ ಸಲ ಕೂಗಿದ್ದೇ ಕೇಳ್ಸಿಲ್ಲ ಅಂದ್ಮೇಲೆ ಇನ್ನೇನು. ಅವಳು ಒಂದ್ ಹೇಳಿ, ನಾನೊಂದ್ ಕೇಳುಸ್ಕಂಡು, ಮಾತ್ರೆ ತಪ್ಪು ಹೇಳಿದ್ರೆ?"

ಡಾಕ್ಟರಿಗೆ ಹೇಳಲಿಲ್ಲವೇ ಎಂದೆ. ಹೇಳಿದರೆ ಔಷಧಿ ಬದಲಾಯಿಸುತ್ತಾರೆ, ಇದರಲ್ಲೇ ಗೆಡ್ಡೆ ಕರಗುತ್ತಿದೆ, ಕಿವಿಗೋಸ್ಕರ ಅದನ್ನು ಬಿಡಲು ಆಗುತ್ತದೆಯೇ ಎಂದಳು. ಆಮೇಲೆ ಸ್ವಲ್ಪ ನಕ್ಕು, "ನಿನ್ ರೋಗ ನಂಗೂ ಅಂಟ್ತು ನೋಡು. ತಪ್ಪಾದ್ರೆ, ತಪ್ಪಾದ್ರೆ ಅಂತ" ಅಂದಳು.

ನಾನು ಅಲ್ಲೇ ನೆಲದ ಮೇಲೆ ಕೂತು ನಿಜ ಹೇಳಿದೆ. ಅದು ಕೂಗಿರಲಿಲ್ಲ, ಒಂದು ಸಲವೂ ಕೂಗಿರಲಿಲ್ಲ, ನಾಚಿಕೆಗೆ ಸುಳ್ಳು ಹೇಳಿದೆ, ನಿನ್ನ ಕಿವಿಗೆ ಏನೂ ಆಗಿಲ್ಲ ಅಂದೆ. ಅವಳು ಪೂರ್ತಿ ನನ್ನ ತುಟಿಗಳನ್ನೇ ನೋಡುತ್ತಾ ಕೇಳಿದಳು. ಕೊನೆಗೆ ನನ್ನ ತಲೆಯ ಮೇಲೆ ಕೈಯಿಟ್ಟಳು, ಜ್ವರ ಬಂದ ಮಕ್ಕಳಿಗೆ ಇಡುವ ಹಾಗೆ.

"ಸಮಾಧಾನಕ್ಕೆ ಹೇಳ್ತೀಯ. ಇರ್ಲಿ ಬಿಡು."

ಕಡೂರಿಗೆ ಫೋನ್ ಮಾಡಿದೆ. ಆ ಸಿಲ್ಕಿ ಹೇಗಿದೆ ಎಂದು ಕೇಳಿದ್ದೇ ತಡ, ಅವನು ಖುಷಿಯಲ್ಲಿ ಹೇಳಿದ. "ಸಾರ್, ಅದು ಹ್ಯಾಟೆ. ನಾಕು ದಿನ ಆಯ್ತು, ಮೊಟ್ಟೆ ಇಟ್ಟು. ನಾನೇ ಫೋನ್ ಮಾಡಣ ಅಂತಿದ್ದೆ."

ರಜೆ ಹಾಕಿ ಹೋಗಿ ಅದನ್ನು ತಂದೆ. ಬಸ್ಸಿನಲ್ಲಿ ಈ ಸಲ ಏನೂ ಯೋಚಿಸಲಿಲ್ಲ, ಪೆಟ್ಟಿಗೆಯನ್ನು ತೊಡೆಯ ಮೇಲೆ ಹಿಡಿದುಕೊಂಡು ಕೂತಿದ್ದೆ. ದಾರಿಯಲ್ಲಿ ಅದು ಒಳಗೇ ಇನ್ನೊಂದು ಮೊಟ್ಟೆ ಇಟ್ಟಿತ್ತು. ಕೋಳಿಯನ್ನು ಅಕ್ಕನ ತೊಡೆಯ ಮೇಲಿಟ್ಟೆ, ಮೊಟ್ಟೆಯನ್ನು ಅಂಗೈಯಲ್ಲಿಟ್ಟೆ. ನಿನ್ನ ಮರಿಯೇ ಇದು, ನೀನು ಹೇಳಿದ್ದೇ ಸರಿ, ಹ್ಯಾಟೆ ಎಂದೆ.

ಅಕ್ಕ ಅದರ ಬೆನ್ನು ಸವರಿದಳು. ಅದು ಮೂರು ತಿಂಗಳು ಬೇರೆ ಕೋಳಿಗಳ ಜೊತೆ ಬೆಳೆದಿತ್ತು. ತೊಡೆಯ ಮೇಲೆ ಕೂರದೆ ಮಿಸುಕಾಡಿತು. ತಲೆಯ ಪುಕ್ಕ ಈಗ ಎಲ್ಲ ಹ್ಯಾಟೆಗಳಂತೆ ದುಂಡಗಾಗಿತ್ತು. ಬಿಳಿ ಸಿಲ್ಕಿಗಳೆಲ್ಲ ಒಂದೇ ಥರ. ಕೈಯಲ್ಲಿ ಹಿಡಿದರೆ ತೂಕದಲ್ಲೋ ಮೈಯ ಇಳಿಜಾರಿನಲ್ಲೋ ಅವಳಿಗೆ ಗುರುತು ಸಿಕ್ಕೀತೆಂದು ನಾನು ನಂಬಿದ್ದೆ. ಆ ಬೆರಳುಗಳಿಗೆ ಏನೂ ತಿಳಿಯುತ್ತಿರಲಿಲ್ಲ.

"ಚೆನ್ನಾಗದೆ" ಅಂದಳು. "ಅದಲ್ಲ ಇದು. ನನ್ ಸಮಾಧಾನಕ್ಕೆ ಅಷ್ಟು ದೂರ ಹೋಗಿ ಬೇರೆ ತಂದ್ಯಾ?"

ನಾನು ಇನ್ನೂ ಎರಡು ಮೂರು ಸಲ ಹೇಳಿದೆ. ಹೇಳಿದಷ್ಟೂ ಅದು ಸುಳ್ಳಿನಂತೆಯೇ ಕೇಳಿಸುತ್ತಿತ್ತು, ನನಗೇ. ಕೋಳಿ ಕೂಗಿತು ಎಂದು ಇದೇ ಬಾಯಿ ಹೇಳಿದಾಗ ಅವಳು ಒಂದೇ ಮಾತಿಗೆ ನಂಬಿದ್ದಳು. ಶಿವಮೊಗ್ಗದಲ್ಲಿ ಕಿವಿ ಪರೀಕ್ಷೆ ಮಾಡಿಸೋಣ ಅಂದೆ. ಇನ್ನು ಅದೊಂದು ಯಾಕೆ ಅಂದಳು. ಆ ಹೊತ್ತಿಗೆ ಗೆಡ್ಡೆ ಕರಗುವುದು ನಿಂತಿತ್ತು, ಔಷಧಿಯನ್ನೂ ನಿಲ್ಲಿಸಿದ್ದರು, ಅದು ಅವಳಿಗೆ ನನಗಿಂತ ಚೆನ್ನಾಗಿ ಅರ್ಥವಾಗಿತ್ತು.

ಅಲ್ಲಿಂದ ಮುಂದೆ ಅವಳು ಹೇಳಿದಂತೆಯೇ ಮಾಡಿದೆ. ಎದುರಿಗೆ ಬಂದು, ಗಟ್ಟಿಯಾಗಿ, ಒಂದೊಂದೇ ಪದವಾಗಿ ಮಾತಾಡುತ್ತಿದ್ದೆ. ಚೆನ್ನಾಗಿ ಕಿವಿ ಕೇಳುವವಳಿಗೆ ಹಾಗೆ ಅರಚುವುದು ಎಂಥ ಹಿಂಸೆ ಎಂದು ಅವಳ ಹುಬ್ಬು ಗಂಟಿಕ್ಕುವುದರಲ್ಲಿ ಕಾಣುತ್ತಿತ್ತು. ಆದರೂ ಮೆಲ್ಲಗೆ ಮಾತಾಡಿದರೆ ಅವಳು ಕೇಳಿಸಿಕೊಳ್ಳುವ ಮೊದಲೇ ಕೇಳಿಸಲ್ಲ ಎಂದು ಕೈ ಆಡಿಸಿಬಿಡುತ್ತಿದ್ದಳು. ಪಕ್ಕದ ಮನೆಯವರು ಒಂದು ದಿನ ನನ್ನನ್ನು ಗೇಟಿನ ಹತ್ತಿರ ಕರೆದು, ಖಾಯಿಲೆಯವರ ಮೇಲೆ ಹಾಗೆ ರೇಗಬಾರದು ಕಣಪ್ಪ ಎಂದು ಬುದ್ಧಿ ಹೇಳಿದರು. ಆಗಲಿ ಅಂದೆ. ಬುಕ್ಕಾಂಬುಧಿಯ ಹುಡುಗಿಗೆ ಹೆರಿಗೆಯಾಯಿತು ಎಂದು ಫೋನ್ ಬಂದಾಗಲೂ ನಾನೇ ಕೇಳಿಸಿಕೊಂಡು ಅಕ್ಕನ ಎದುರು ನಿಂತು ಗಟ್ಟಿಯಾಗಿ ಹೇಳಿದೆ. ಮಗು ಅತ್ತಿತಂತೆಯೇ, ತಕ್ಷಣ ಅತ್ತಿತಂತೆಯೇ ಎಂದು ಕೇಳಿದಳು. ಹೌದು ಎಂದು ತಲೆಯಾಡಿಸಿದೆ. ಗಂಡೋ ಹೆಣ್ಣೋ ಎಂದು ಕೇಳಲಿಲ್ಲ.

ಅವಳು ಹೋದದ್ದು ಮಾರ್ಚ್ ತಿಂಗಳ ಒಂದು ಮಧ್ಯಾಹ್ನ. ಅವತ್ತು ಬೆಳಿಗ್ಗೆ ಹಾಸಿಗೆಯನ್ನು ಅಡುಗೆಮನೆಯ ಬಾಗಿಲ ಹತ್ತಿರ ಹಾಕಿದ್ದೆ, ಕಣ್ಣಿಗೆ ಬೀಳುತ್ತಿರಲಿ ಎಂದು. ಅವಳು ಗೋಡೆಯ ಕಡೆ ಹೊರಳಿ ಮಲಗಿದ್ದಳು. ನಾನು ಅವಳಿಗೆ ಬೆನ್ನು ಹಾಕಿ, ಸ್ಟೌವಿನ ಮುಂದೆ ನಿಂತು ನೀರು ಕಾಯಿಸುತ್ತಿದ್ದೆ. ಎದುರಿಗೆ ಹೋಗುವುದನ್ನೂ ಗಟ್ಟಿಯಾಗಿ ಹೇಳುವುದನ್ನೂ ಮರೆತು, ಹಿಂದಿನ ಕಾಲದಲ್ಲಿ ಕೇಳುತ್ತಿದ್ದ ಹಾಗೆ ಮೆತ್ತಗೆ, "ಅಕ್ಕ, ಒಂದ್ ಗುಟುಕು ನೀರು ಕುಡೀತೀಯಾ?" ಎಂದೆ.

"ಈಗ ಬ್ಯಾಡ ಕಣೋ, ಆಮ್ಯಾಲೆ" ಅಂದಳು.

ಆಗಲೇ ತಿರುಗಿ, ನೋಡಕ್ಕ, ಕೇಳಿಸ್ತಲ್ಲ ಅನ್ನಬೇಕಿತ್ತು. ನಾನು ನೀರು ಹೆಚ್ಚು ಬಿಸಿಯಾಯಿತೇನೋ ಎಂದು ಲೋಟ ಮುಟ್ಟಿ ನೋಡುತ್ತಿದ್ದೆ.